ಪ್ರಾಸ್ಟೇಟ್ ಗ್ರಂಥಿಯ ದೂತಕೋಶಗಳು

ನಮ್ಮ ಕವಿಗಳು ಹೃದಯವನ್ನು ಕುರಿತು ಬರೆದಷ್ಟು ದೇಹದ ಬೇರಾವ ಅಂಗವನ್ನೂ ಕುರಿತು ಬರೆದಿಲ್ಲ. ಕಣ್ಣು, ತುಟಿ, ಹುಬ್ಬು, ಮುಂಗುರುಳುಗಳಿಗೂ ಅವರ ಆಸ್ಥಾನದಲ್ಲಿ ಪೀಠವುಂಟು. ಹಸಿದ ಹೊಟ್ಟೆಯನ್ನು ದಾಸರು ಮರೆತಿಲ್ಲ. ಆದರೆ ನಾಭಿಯಿಂದ ಕೆಳಗೆ, ಮೂಳೆಯ ಬೋಗುಣಿಯೊಂದರಲ್ಲಿ ಅಡಗಿರುವ ಅಂಗಗಳ ಪ್ರಸ್ತಾಪ ಬಂದರೆ ಕಾವ್ಯವೂ ಮೌನ, ಮನೆಯ ಮಾತೂ ಮೌನ. ಅರವತ್ತು ದಾಟಿದ ಗಂಡಸರು ಸಂಜೆಯ ಹೊತ್ತು ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಎಲ್ಲವನ್ನೂ ಬಣ್ಣಿಸುತ್ತಾರೆ. ರಾತ್ರಿ ನಾಲ್ಕು ಸಲ ಹಾಸಿಗೆ ಬಿಟ್ಟು ಏಳಬೇಕಾಗಿದೆ ಎಂಬುದನ್ನು ಮಾತ್ರ ನುಂಗಿಕೊಳ್ಳುತ್ತಾರೆ. ಆ ಮೌನದ ಹಿಂದೆ ಬಹುಮಟ್ಟಿಗೆ ಇರುವುದು ಪ್ರಾಸ್ಟೇಟ್ ಎಂಬ ಗ್ರಂಥಿ. ಅದರೊಳಗೆ ನೂರಕ್ಕೆ ಒಂದನ್ನು ಮೀರದ ಒಂದು ಜಾತಿಯ ಜೀವಕೋಶಗಳಿವೆ. ಅವುಗಳ ವಿಚಾರವನ್ನು ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಈ ವಿಷಯ ನನ್ನ ಬಾಗಿಲಿಗೆ ಏಕೆ ಬಂತೆಂಬುದನ್ನು ಮುಂದೆ ಅರಿಕೆಮಾಡುತ್ತೇನೆ.

ಮೊದಲು ಸ್ಥಳಪರಿಚಯವಾಗಲಿ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ, ಮೂತ್ರ ಹೊರಹೋಗುವ ನಾಳವನ್ನು ಸುತ್ತುವರಿದುಕೊಂಡು ಈ ಗ್ರಂಥಿ ಕುಳಿತಿದೆ. ತರುಣನಲ್ಲಿ ಅದರ ತೂಕ ಸುಮಾರು 20 ಗ್ರಾಂ. ಗಾತ್ರ ಸಿಪ್ಪೆ ಬಿಡಿಸದ ಅಡಕೆಕಾಯಿಯಷ್ಟು. ವೀರ್ಯದ ದ್ರವಭಾಗದಲ್ಲಿ ಒಂದಂಶವನ್ನು ಒದಗಿಸುವುದು ಅದರ ಮುಖ್ಯ ಕೆಲಸ. ಗ್ರೀಕ್ ಭಾಷೆಯಲ್ಲಿ ಪ್ರಾಸ್ಟೇಟ್ ಎಂಬ ಮಾತಿನ ಮೂಲಕ್ಕೆ ಮುಂದೆ ನಿಂತವನು ಎಂಬ ಅರ್ಥವಿದೆ. ನಮ್ಮ ದೇವಾಲಯಗಳ ದ್ವಾರಪಾಲಕನನ್ನು ನೆನೆದುಕೊಂಡರೆ ಸಾಕು. ವಯಸ್ಸಾದಂತೆ ಈ ದ್ವಾರಪಾಲಕ ದಪ್ಪನಾಗಿ ಬಾಗಿಲನ್ನೇ ಒತ್ತತೊಡಗುತ್ತಾನೆ. ಸುಶ್ರುತಸಂಹಿತೆಯ ಮೂತ್ರಾಘಾತ ಪ್ರಕರಣದಲ್ಲಿ ವಾತಾಷ್ಠೀಲ ಎಂಬ ವ್ಯಾಧಿಯ ವರ್ಣನೆಯಿದೆ; ಕಲ್ಲಿನಂತೆ ಗಟ್ಟಿಯಾದ ಉಬ್ಬೊಂದು ಮೂತ್ರದ ದಾರಿಯನ್ನು ತಡೆಯುತ್ತದೆ ಎಂದು ಅಲ್ಲಿ ಹೇಳಿದೆ. ಇದನ್ನು ಇಂದಿನ ವಿದ್ವಾಂಸರು ಪ್ರಾಸ್ಟೇಟ್ ಗ್ರಂಥಿಯ ಊತಕ್ಕೆ ಹೋಲಿಸುತ್ತಾರೆ. ಅಂತೂ ಈ ಗೋಳು ಇಂದು ನಿನ್ನೆಯದಲ್ಲ.

ಗ್ರಂಥಿಯನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕವಲೊಡೆದ ಸಣ್ಣ ಸಣ್ಣ ನಾಳಗಳು ಕಾಣುತ್ತವೆ. ಆ ನಾಳಗಳ ಒಳಗೋಡೆಯಲ್ಲಿ ಮೂರು ಬಗೆಯ ಜೀವಕೋಶಗಳಿವೆ. ಮೊದಲನೆಯವು ದ್ರವವನ್ನು ಒಸರಿಸುವ ಕೋಶಗಳು. ಸಂಖ್ಯೆಯಲ್ಲಿ ಇವೇ ಹೆಚ್ಚು. ಇಂದು ಎಲ್ಲರ ಬಾಯಲ್ಲೂ ಕೇಳಿಬರುವ ಪಿ.ಎಸ್.ಎ. ಎಂಬ ಸಸಾರಜನಕ ಇವುಗಳ ಸೃಷ್ಟಿ. ಗಟ್ಟಿಯಾದ ವೀರ್ಯವನ್ನು ತೆಳುಮಾಡುವುದು ಅದರ ಸ್ವಧರ್ಮ. ಅದರಲ್ಲಿ ಅಲ್ಪಭಾಗ ರಕ್ತಕ್ಕೂ ಸೋರುವುದರಿಂದ 1980ರ ದಶಕದಿಂದ ವೈದ್ಯರು ಅದನ್ನು ಅಳೆದು ಗ್ರಂಥಿಯ ಯೋಗಕ್ಷೇಮವನ್ನು ಊಹಿಸುತ್ತ ಬಂದಿದ್ದಾರೆ. ಎರಡನೆಯವು ಇವುಗಳ ಬುಡದಲ್ಲಿ ತಳಪಾಯದಂತೆ ಹಾಸಿಕೊಂಡಿರುವ ಕೋಶಗಳು. ಮೂರನೆಯವು ಇವೆರಡರ ನಡುವೆ ಅಲ್ಲೊಂದು ಇಲ್ಲೊಂದು ಎಂಬಂತೆ ಚದುರಿರುವ, ಸಾಮಾನ್ಯ ಬಣ್ಣಗಳಿಗೆ ಕಣ್ಣಿಗೂ ಬೀಳದ ಕೋಶಗಳು. ನರದ ಗುಣವೂ ಹಾರ್ಮೋನು ಸುರಿಸುವ ಗ್ರಂಥಿಯ ಗುಣವೂ ಒಂದೆಡೆ ಸೇರಿರುವುದರಿಂದ ಶಾಸ್ತ್ರೀಯವಾಗಿ ಇವುಗಳನ್ನು ನರಾಂತಃಸ್ರಾವಿ ಕೋಶಗಳೆನ್ನಬಹುದು. ಈ ಸಮಾಸ ಬಾನುಲಿಯಲ್ಲಿ ನಾಲಗೆಗೆ ತೊಡಕು. ಆದ್ದರಿಂದ ಇಂದಿನ ಮಟ್ಟಿಗೆ ದೂತಕೋಶಗಳೆಂದು ಕರೆಯೋಣ.

ದೂತನೆಂದ ಮೇಲೆ ಸಂದೇಶವಿರಬೇಕಷ್ಟೆ. ದೇಹದಲ್ಲಿ ಸಂದೇಶಗಳೆಲ್ಲ ನರಗಳ ಮೂಲಕವೇ ಸಾಗುತ್ತವೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಬಹುಮಂದಿ ನಂಬಿದ್ದರು. 1902ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬಿಬ್ಬರು ನಾಯಿಯ ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಕ್ಕೆ ಸ್ವಲ್ಪ ಆಮ್ಲ ಬಿಟ್ಟು ನೋಡಿದರು. ನರದ ಸಂಬಂಧವೇ ಇಲ್ಲದಿದ್ದರೂ ದೂರದ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಕರುಳಿನಿಂದ ಯಾವುದೋ ರಾಸಾಯನಿಕ ರಕ್ತಕ್ಕಿಳಿದು ಸುದ್ದಿ ಮುಟ್ಟಿಸಿತ್ತು. 1905ರಲ್ಲಿ ಸ್ಟಾರ್ಲಿಂಗ್ ಇಂಥ ಸಂದೇಶವಾಹಕಗಳಿಗೆ ಹಾರ್ಮೋನು ಎಂಬ ಹೆಸರನ್ನು ಬಳಸಿದರು. ಪ್ರಚೋದಿಸು ಎಂಬರ್ಥದ ಗ್ರೀಕ್ ಧಾತು ಅದಕ್ಕೆ ಮೂಲ.

ಹಾರ್ಮೋನಿನ ಕಾರ್ಯವಿಧಾನವನ್ನು ತಿಳಿಯಲು ಈಗ ನೀವು ಮಾಡುತ್ತಿರುವ ಕೆಲಸವನ್ನೇ ಗಮನಿಸಿ. ನನ್ನ ಮಾತು ಊರಿನ ಎಲ್ಲ ಮನೆಗಳ ಮೇಲೂ ಹಾದುಹೋಗುತ್ತಿದೆ. ಆದರೆ ರೇಡಿಯೊ ಇದ್ದು, ಅದನ್ನು ಈ ನಿಲಯಕ್ಕೆ ತಿರುಗಿಸಿಟ್ಟ ಮನೆಗಳಲ್ಲಿ ಮಾತ್ರ ಕೇಳಿಸುತ್ತದೆ. ಹಾರ್ಮೋನು ಕೂಡ ರಕ್ತದಲ್ಲಿ ದೇಹದಾದ್ಯಂತ ಸುತ್ತುತ್ತದೆ. ಅದಕ್ಕೆ ತಕ್ಕ ಗ್ರಾಹಕವಿರುವ ಕೋಶಗಳು ಮಾತ್ರ ಅದಕ್ಕೆ ಓಗೊಡುತ್ತವೆ. ಇದು ಬಾನುಲಿಯ ಮಾತು. ಆದರೆ ಊರಿನ ಸುದ್ದಿಯೆಲ್ಲ ಬಾನುಲಿಯಿಂದಲೇ ಹರಡುತ್ತದೆಯೆ? ಜಗಲಿಯ ಮೇಲೆ ಕುಳಿತು ಪಕ್ಕದ ಮನೆಯವರಿಗೆ ಮಾತ್ರ ಕೇಳುವಂತೆ ಆಡುವ ಮಾತಿಗೂ ಸಂಸಾರದಲ್ಲಿ ಬೆಲೆಯುಂಟು. ಪ್ರಾಸ್ಟೇಟಿನ ದೂತಕೋಶಗಳು ಆಡುವುದು ಬಹುಮಟ್ಟಿಗೆ ಈ ಜಗಲಿಯ ಮಾತು. ಅವು ಸುರಿಸುವ ವಸ್ತುಗಳು ನೆರೆಯ ಕೋಶಗಳನ್ನೂ ಸಮೀಪದ ನರದ ತುದಿಗಳನ್ನೂ ಮುಟ್ಟುತ್ತವೆ.

ಇಂಥ ಒಂಟಿ ಕೋಶಗಳನ್ನು ಗುರುತಿಸಿದ ಕಥೆ ದೀರ್ಘವಾದುದು. 1870ರಲ್ಲಿ ಜರ್ಮನಿಯ ಹೈಡೆನ್‌ಹೈನ್ ಜಠರದ ಗೋಡೆಯಲ್ಲಿಯೂ, 1897ರಲ್ಲಿ ಖಾರ್ಕಿವ್ ನಗರದ ಕುಲ್ಚಿಟ್‌ಸ್ಕಿ ಕರುಳಿನ ಗೋಡೆಯಲ್ಲಿಯೂ ಹರಳು ತುಂಬಿದ ವಿಚಿತ್ರ ಕೋಶಗಳನ್ನು ಕಂಡರು. 1938ರಲ್ಲಿ ಆಸ್ಟ್ರಿಯದ ರೋಗಶಾಸ್ತ್ರಜ್ಞ ಫೈರ್ಟರ್, ದೇಹದ ಹಲವು ಅಂಗಗಳಲ್ಲಿ ಚದುರಿರುವ ಇಂಥ ತಿಳಿಬಣ್ಣದ ಕೋಶಗಳೆಲ್ಲ ಸೇರಿ ಒಂದೇ ವ್ಯವಸ್ಥೆಯಾಗುತ್ತವೆಂದು ಪ್ರತಿಪಾದಿಸಿದರು. ಥೈರಾಯ್ಡಿನಂತೆ ಒಂದೆಡೆ ಗುಂಪುಗೂಡಿ ಗ್ರಂಥಿಯೆನಿಸಿಕೊಳ್ಳದೆ, ಊರೂರಿಗೆ ಒಬ್ಬೊಬ್ಬರಂತೆ ಹಂಚಿಹೋದ ಮನೆತನ ಇವುಗಳದು. 1960ರ ದಶಕದ ಕೊನೆಯಲ್ಲಿ ಲಂಡನ್ನಿನ ಪಿಯರ್ಸ್ ಇವುಗಳಿಗೆಲ್ಲ ಸಮಾನವಾದ ರಾಸಾಯನಿಕ ಲಕ್ಷಣಗಳನ್ನು ತೋರಿಸಿ, ಇವೆಲ್ಲ ಭ್ರೂಣದಲ್ಲಿ ನರಮಂಡಲದ ಅಂಚಿನಿಂದ ವಲಸೆ ಬಂದವೆಂದು ವಾದಿಸಿದರು. ಫ್ರಾನ್ಸಿನ ವಿಜ್ಞಾನಿ ನಿಕೋಲ್ ಲ ದುವಾರೆ ಈ ವಾದವನ್ನು ಪರೀಕ್ಷೆಗೊಡ್ಡಿದ ಬಗೆ ಸೊಗಸಾಗಿದೆ. ಆಕೆ ಕೋಳಿಯ ಭ್ರೂಣಕ್ಕೆ ಲಾವುಗೆಯ ಭ್ರೂಣದ ನರಭಾಗವನ್ನು ಕಸಿಮಾಡಿದರು. ಲಾವುಗೆಯ ಕೋಶಕೇಂದ್ರವನ್ನು ಸೂಕ್ಷ್ಮದರ್ಶಕದಲ್ಲಿ ಬೇರೆಯಾಗಿ ಗುರುತಿಸಬಹುದು. ಆದ್ದರಿಂದ ವಲಸೆ ಹೋದ ಕೋಶ ಎಲ್ಲಿ ನೆಲಸಿತೆಂಬುದನ್ನು ಪತ್ತೆಹಚ್ಚಬಹುದು. ಕರುಳಿನ ದೂತಕೋಶಗಳು ಹೀಗೆ ವಲಸೆ ಬಂದವಲ್ಲ, ಕರುಳಿನ ಗೋಡೆಯಲ್ಲೇ ಹುಟ್ಟಿದವು ಎಂದು 1970ರ ದಶಕದಲ್ಲಿ ಸ್ಥಿರವಾಯಿತು. ಪ್ರಾಸ್ಟೇಟಿನ ದೂತಕೋಶಗಳ ಕುಲಮೂಲದ ಚರ್ಚೆ ಮಾತ್ರ ಇಂದಿಗೂ ಮುಗಿದಿಲ್ಲ.

ಈ ಕೋಶಗಳ ರೂಪ ಎರಡು ಬಗೆ. ಕೆಲವು ನಾಳದ ಒಳಬಯಲಿನವರೆಗೆ ಕತ್ತು ಚಾಚಿ, ಅಲ್ಲಿ ಹರಿಯುವ ದ್ರವದ ಸ್ಥಿತಿಗತಿಯನ್ನು ನೋಡುವಂತೆ ನಿಂತಿರುತ್ತವೆ. ಉಳಿದವು ಕತ್ತನ್ನು ಚಾಚದೆ, ನರಕೋಶದ ಕೊಂಬೆಗಳಂಥ ತೋಳುಗಳನ್ನು ನೆರೆಕೋಶಗಳ ಸಂದಿಯಲ್ಲಿ ಹರಡಿಕೊಂಡಿರುತ್ತವೆ. ಮೂತ್ರನಾಳಕ್ಕೆ ಹತ್ತಿರವಾದ ದೊಡ್ಡ ನಾಳಗಳಲ್ಲಿ ಇವುಗಳ ಸಂಖ್ಯೆ ಹೆಚ್ಚು. ಇವುಗಳ ಒಡಲಿನ ಹರಳುಗಳಲ್ಲಿ ಸಿರೊಟೊನಿನ್ ಇದೆ, ಕ್ರೋಮೊಗ್ರಾನಿನ್ ಎಂಬ ಸಸಾರಜನಕವಿದೆ, ಬಾಂಬೆಸಿನ್ ಜಾತಿಯ ಪೆಪ್ಟೈಡುಗಳಿವೆ. ನೆರೆಕೋಶಗಳ ಬೆಳವಣಿಗೆಯನ್ನೂ ಸ್ರಾವವನ್ನೂ ಹದದಲ್ಲಿಡುವುದು ಇವುಗಳ ಕೆಲಸವಿರಬೇಕೆಂದು ತಜ್ಞರು ಊಹಿಸುತ್ತಾರೆ. ಇವುಗಳ ಮೂರು ಗುಣಗಳನ್ನು ಕೇಳುಗರು ದಯವಿಟ್ಟು ನೆನಪಿನಲ್ಲಿಡಬೇಕು. ಒಂದು, ಇವು ಪಿ.ಎಸ್.ಎ. ತಯಾರಿಸುವುದಿಲ್ಲ. ಎರಡು, ಗಂಡಸುತನದ ಹಾರ್ಮೋನಾದ ಟೆಸ್ಟೊಸ್ಟಿರೋನನ್ನು ಆಲಿಸುವ ಗ್ರಾಹಕ ಇವುಗಳಲ್ಲಿಲ್ಲ. ಆ ನಿಲಯದ ಪ್ರಸಾರ ಇವುಗಳಿಗೆ ಕೇಳಿಸದು. ಮೂರು, ಆರೋಗ್ಯದ ಸ್ಥಿತಿಯಲ್ಲಿ ಇವು ಸಾಮಾನ್ಯವಾಗಿ ಒಡೆದು ಎರಡಾಗುವುದಿಲ್ಲ. ತಮ್ಮಷ್ಟಕ್ಕೆ ತಾವು ಸುಮ್ಮನಿರುತ್ತವೆ.

ನೆರೆಯ ಅಂಗಗಳಲ್ಲೂ ಇವುಗಳ ಬಂಧುಗಳಿವೆ. ಮೂತ್ರನಾಳದ ಗೋಡೆಯಲ್ಲಿ ಸಿರೊಟೊನಿನ್ ತುಂಬಿದ ಕೋಶಗಳುಂಟು. ಗುದನಾಳದಲ್ಲಿ ಇವು ಇನ್ನೂ ಹೆಚ್ಚು. ಸಿರೊಟೊನಿನ್ ಎಂದೊಡನೆ ಮಿದುಳು, ಮನಸ್ಸು, ಖಿನ್ನತೆ ಎಂಬ ಮಾತುಗಳು ನೆನಪಾಗುವುದು ಸಹಜ. ಆದರೆ ನಮ್ಮ ದೇಹದ ಸಿರೊಟೊನಿನ್ನಿನಲ್ಲಿ ನೂರಕ್ಕೆ ಸುಮಾರು 90 ಭಾಗ ಇರುವುದು ಅನ್ನದ ದಾರಿಯಲ್ಲಿ. ಕರುಳಿನ ದೂತಕೋಶಗಳಲ್ಲಿ ಒತ್ತಡವನ್ನು ಗ್ರಹಿಸುವ ಪೀಜೊ ಎಂಬ ಸಸಾರಜನಕವಿದೆ. ಈ ವರ್ಗದ ಸಸಾರಜನಕಗಳನ್ನು 2010ರಲ್ಲಿ ಗುರುತಿಸಿದ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಗೋಡೆ ಹಿಗ್ಗಿದಾಗ ಕೋಶ ಸಿರೊಟೊನಿನ್ ಬಿಡುತ್ತದೆ, ಪಕ್ಕದ ನರ ಎಚ್ಚರಗೊಳ್ಳುತ್ತದೆ, ಕರುಳು ಚಲಿಸುತ್ತದೆ. ನಾವು ಅಷ್ಟಾಗಿ ಗಮನಿಸದ ನಿತ್ಯಕರ್ಮದ ಹಿಂದೆ ಇಷ್ಟೊಂದು ದೂತವ್ಯವಹಾರವಿದೆ.

ಈ ಕೋಶಗಳಿಂದ ಗಂಟುಗಳೂ ಹುಟ್ಟಬಹುದು. 1907ರಲ್ಲಿ ಜರ್ಮನಿಯ ಓಬರ್ನ್‌ಡಾರ್ಫರ್ ಎಂಬ ವೈದ್ಯ ಕರುಳಿನ ಇಂಥ ಗಂಟುಗಳಿಗೆ ಕಾರ್ಸಿನಾಯ್ಡ್, ಅಂದರೆ ಕ್ಯಾನ್ಸರನ್ನು ಹೋಲುವುದು, ಎಂಬ ಹೆಸರಿತ್ತರು. ಗುದನಾಳದಲ್ಲಿ ಕಾಣುವ ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಕಾರ್ಸಿನಾಯ್ಡ್ ಬಹುಪಾಲು ಸೌಮ್ಯಸ್ವಭಾವದ್ದು. ಕೊಳವೆಯ ಮೂಲಕವೇ ಅದನ್ನು ತೆಗೆದುಹಾಕಬಹುದು. ಆದರೆ ಇದೇ ಲಕ್ಷಣವನ್ನು ತೋರುವ ಉಗ್ರರೂಪದ ಕ್ಯಾನ್ಸರೂ ಒಂದುಂಟು. ಅದು ಮೂತ್ರಕೋಶ, ಹೆಂಗಸರ ಗರ್ಭಕೋಶದ ಕೊರಳು, ಪ್ರಾಸ್ಟೇಟ್, ಈ ಎಲ್ಲ ಅಂಗಗಳಲ್ಲಿ ಅಪರೂಪವಾಗಿ ಕಾಣಿಸಿಕೊಳ್ಳುತ್ತದೆ. ಒಂದೇ ಮನೆತನದ ಹೆಸರು ಹೊತ್ತ ಈ ಎರಡರ ನಡುವೆ ಸಾಧುವಿಗೂ ದರೋಡೆಗಾರನಿಗೂ ಇರುವಷ್ಟು ಅಂತರವಿದೆ. ವರದಿಯಲ್ಲಿ ಹೆಸರನ್ನಷ್ಟೇ ಓದಿ ಧೈರ್ಯಗೆಡುವುದಾಗಲಿ ನಿಶ್ಚಿಂತೆಯಿಂದಿರುವುದಾಗಲಿ ಸಲ್ಲದು.

ಈಗ ನನ್ನ ಬಾಗಿಲಿಗೆ ಬಂದ ಸಂಗತಿಯನ್ನು ಹೇಳುತ್ತೇನೆ. ನನ್ನೊಡನೆ ಇತಿಹಾಸದ ಅಧ್ಯಾಪಕರಾಗಿದ್ದ ಮಿತ್ರರೊಬ್ಬರಿಗೆ ನಿವೃತ್ತಿಯ ಕೆಲವು ವರ್ಷಗಳ ಅನಂತರ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು ಗೊತ್ತಾಯಿತು. ಹಾರ್ಮೋನನ್ನು ತಗ್ಗಿಸುವ ಚುಚ್ಚುಮದ್ದು, ಮಾತ್ರೆ ನಡೆದವು. ಪಿ.ಎಸ್.ಎ. ಇಳಿದು ಮೂರು ವರ್ಷ ಸೊನ್ನೆಯ ಆಸುಪಾಸಿನಲ್ಲೇ ಉಳಿಯಿತು. ಆಮೇಲೆ ಊಟ ಸೇರದಾಯಿತು, ಮೈ ಇಳಿಯಿತು. ಪರೀಕ್ಷಿಸಿದಾಗ ಯಕೃತ್ತಿನಲ್ಲಿ ಗಂಟುಗಳು ಕಂಡವು. ಸೂಜಿಯಿಂದ ಚೂರು ತೆಗೆದು ನೋಡಿದ ವರದಿಯನ್ನು ಹಿಡಿದುಕೊಂಡು ಅವರ ಮನೆಯವರು ನನ್ನಲ್ಲಿಗೆ ಬಂದರು. "ಮೇಷ್ಟ್ರೇ, ಡಾಕ್ಟರು ಎಲ್ಲ ಹೇಳಿದರು, ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ರಕ್ತದ ಲೆಕ್ಕ ಸರಿಯಾಗಿಯೇ ಇತ್ತಲ್ಲ. ಹಾಗಿದ್ದ ಮೇಲೆ ಇದು ಎಲ್ಲಿಂದ ಬಂತು? ಕನ್ನಡದಲ್ಲಿ ಹೇಳಿ" ಎಂದರು. ಅವರ ಪ್ರಶ್ನೆ ನ್ಯಾಯವಾದುದೇ ಆಗಿತ್ತು. ವೈದ್ಯರನ್ನು ಕೇಳಿ, ಪುಸ್ತಕಗಳನ್ನು ನೋಡಿ, ನಾನು ಅವರಿಗೆ ಒಪ್ಪಿಸಿದ ಉತ್ತರವೇ ಈ ಭಾಷಣದ ತಿರುಳು.

ಪ್ರಾಸ್ಟೇಟ್ ಗ್ರಂಥಿ ಬೆಳೆಯುವುದು ಟೆಸ್ಟೊಸ್ಟಿರೋನಿನ ಆಸರೆಯಿಂದ. ಆ ಹಾರ್ಮೋನನ್ನು ತೆಗೆದುಹಾಕಿದರೆ ಗ್ರಂಥಿಯ ಕ್ಯಾನ್ಸರೂ ಸೊರಗುತ್ತದೆಯೆಂದು 1941ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್ ಮತ್ತು ಹಾಜಸ್ ತೋರಿಸಿದರು. ಮೂಳೆಗೆ ಹರಡಿ ನರಳುತ್ತಿದ್ದ ರೋಗಿಗಳ ವೃಷಣಗಳನ್ನು ತೆಗೆದಾಗ, ಇಲ್ಲವೆ ಹೆಣ್ಣು ಹಾರ್ಮೋನನ್ನು ಕೊಟ್ಟಾಗ ಅವರ ನೋವು ತಗ್ಗಿತು. ಈ ಕಾರ್ಯಕ್ಕಾಗಿ ಹಗಿನ್ಸ್ ಅವರಿಗೆ 1966ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಂದಿತು. ಮಿದುಳಿನಿಂದ ಹೊರಡುವ ಆದೇಶವೇ ವೃಷಣವನ್ನು ನಡೆಸುತ್ತದೆಯಷ್ಟೆ. ಆ ಆದೇಶದ ರಾಸಾಯನಿಕ ರಚನೆ 1971ರಲ್ಲಿ ತಿಳಿದ ಮೇಲೆ ಶಸ್ತ್ರಕ್ರಿಯೆಯಿಲ್ಲದೆ ಚುಚ್ಚುಮದ್ದಿನಿಂದಲೇ ಹಾರ್ಮೋನನ್ನು ಅಡಗಿಸುವುದು ಸಾಧ್ಯವಾಯಿತು. 2011 ಮತ್ತು 2012ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅಬಿರಾಟಿರೋನ್, ಎಂಜಲ್ಯುಟಮೈಡ್ ಎಂಬ ಮಾತ್ರೆಗಳು ಈ ದಾರಿಯಲ್ಲಿ ಇನ್ನೂ ಮುಂದೆ ಹೋದವು. ಲಕ್ಷಾಂತರ ಗಂಡಸರ ಆಯುಸ್ಸು ಇವುಗಳಿಂದ ಹೆಚ್ಚಿದೆ. ಇದನ್ನು ಯಾರೂ ಮರೆಯಬಾರದು.

ಆದರೆ ಹಾರ್ಮೋನಿನ ಅನ್ನ ನಿಂತುಹೋದ ನೆಲದಲ್ಲಿ, ಆ ಅನ್ನವೇ ಬೇಡವೆನ್ನುವ ಕೋಶಗಳು ಮೇಲುಗೈ ಪಡೆಯುವ ಸಂಭವವಿರುತ್ತದೆ. ಕೆಲವರಲ್ಲಿ ಕ್ಯಾನ್ಸರ್ ಕೋಶಗಳು ತಮ್ಮ ಹಳೆಯ ಗುಣವನ್ನು ತೊರೆದು ದೂತಕೋಶಗಳ ವೇಷ ತೊಡುತ್ತವೆ. ಟೆಸ್ಟೊಸ್ಟಿರೋನಿನ ಗ್ರಾಹಕವನ್ನು ಕೈಬಿಡುತ್ತವೆ, ಪಿ.ಎಸ್.ಎ. ತಯಾರಿಸುವುದನ್ನು ನಿಲ್ಲಿಸುತ್ತವೆ. ಶಾಂತವಾಗಿರುವ ಗುಣವೊಂದನ್ನು ಮಾತ್ರ ನಿಜವಾದ ದೂತಕೋಶದಿಂದ ಕಲಿಯದೆ ವೇಗವಾಗಿ ಬೆಳೆಯುತ್ತವೆ. ಆದ್ದರಿಂದಲೇ ರಕ್ತದ ಲೆಕ್ಕ ತಗ್ಗಿನಲ್ಲಿರುವಾಗಲೂ ರೋಗ ಮುಂದುವರಿಯಬಲ್ಲದು. ಆ ಲೆಕ್ಕ ಸುಳ್ಳು ಹೇಳಿರಲಿಲ್ಲ. ಪಿ.ಎಸ್.ಎ. ಸುರಿಸುವ ಕೋಶಗಳ ಸುದ್ದಿಯನ್ನಷ್ಟೇ ಅದು ತಂದಿತ್ತು. ಹೊಸ ವೇಷದವರ ಸುದ್ದಿ ಅದರ ವ್ಯಾಪ್ತಿಗೆ ಸೇರಿರಲಿಲ್ಲ. 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹಾರ್ಮೋನು ಚಿಕಿತ್ಸೆಗೆ ಮಣಿಯದ ಹಂತ ಮುಟ್ಟಿ ಹರಡಿದ್ದ ಕ್ಯಾನ್ಸರಿನ ಚೂರುಗಳನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 17 ಮಂದಿಯಲ್ಲಿ ಈ ರೂಪಾಂತರ ಕಂಡಿತು. ಚಿಕಿತ್ಸೆಗೆ ಮೊದಲೇ, ಆರಂಭದಿಂದಲೇ ಈ ರೂಪದಲ್ಲಿರುವುದು ಬಹಳ ಅಪರೂಪ.

ಇವು ಹಳೆಯ ಕ್ಯಾನ್ಸರಿನಿಂದಲೇ ಹುಟ್ಟಿದವು, ಮೊದಲಿನಿಂದಿದ್ದ ದೂತಕೋಶಗಳಿಂದಲ್ಲ ಎಂದು ಹೇಗೆ ತಿಳಿಯುವುದು? ಇಲ್ಲಿ ನನ್ನ ಕಸುಬಿನ ಅನುಭವ ನೆರವಿಗೆ ಬಂತು. ಗ್ರಂಥಸಂಪಾದನೆ ಮಾಡುವವರು ಓಲೆಯ ಪ್ರತಿಗಳನ್ನು ಹೋಲಿಸುವಾಗ, ಎರಡು ಪ್ರತಿಗಳಲ್ಲಿ ಒಂದೇ ಸ್ಥಳದಲ್ಲಿ ಒಂದೇ ವಿಲಕ್ಷಣವಾದ ತಪ್ಪು ಕಂಡರೆ, ಅವೆರಡೂ ಒಂದೇ ಮಾತೃಪ್ರತಿಯಿಂದ ಇಳಿದವೆಂದು ತೀರ್ಮಾನಿಸುತ್ತಾರೆ. 2005ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು, ಸಂಬಂಧವಿಲ್ಲದ ಎರಡು ಜೀನುಗಳು ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ತಪ್ಪಾಗಿ ಬೆಸೆದುಕೊಂಡಿರುವುದನ್ನು ಪತ್ತೆಮಾಡಿದರು. ಈ ರೋಗದ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಈ ಬೆಸುಗೆಯಿದೆ. ವೇಷ ಬದಲಿಸಿದ ಕೋಶಗಳಲ್ಲೂ ಅನೇಕ ವೇಳೆ ಇದೇ ಬೆಸುಗೆ ಕಾಣುತ್ತದೆ. ತಪ್ಪು ಒಂದೇ ಆದ್ದರಿಂದ ಮಾತೃಪ್ರತಿಯೂ ಒಂದೇ. ಕೋಶದ ಬೆಳವಣಿಗೆಯನ್ನು ಅಂಕೆಯಲ್ಲಿಡುವ ಆರ್‌ಬಿ1, ಟಿಪಿ53 ಎಂಬ ಜೀನುಗಳು ಕೆಟ್ಟಿರುವುದೂ ಈ ರೂಪಾಂತರದಲ್ಲಿ ಮೇಲಿಂದ ಮೇಲೆ ಕಾಣುವ ಸಂಗತಿ.

ಈ ತಿಳಿವಳಿಕೆಯಿಂದ ರೋಗಿಗೆ ಏನು ಫಲ ಎಂದು ನೀವು ಕೇಳಬಹುದು. ಫಲವಿದೆ. ವೇಷ ಬದಲಾಗಿದೆಯೆಂದು ಗೊತ್ತಾದರೆ ಹಾರ್ಮೋನಿನ ಮಾತ್ರೆಗಳನ್ನು ಒಂದಾದ ಮೇಲೊಂದರಂತೆ ಬದಲಿಸುತ್ತ ಕಾಲ ಕಳೆಯುವುದು ತಪ್ಪುತ್ತದೆ. ಇಂಥ ಕೋಶಗಳು ವೇಗವಾಗಿ ಒಡೆಯುವುದರಿಂದ, ಒಡೆಯುವ ಕೋಶಗಳನ್ನೇ ಹೊಡೆಯುವ ಸಿಸ್ಪ್ಲಾಟಿನ್ ವರ್ಗದ ಪ್ಲಾಟಿನಂ ಔಷಧಗಳಿಗೆ ಮೊದಮೊದಲು ಚೆನ್ನಾಗಿ ಮಣಿಯುತ್ತವೆ. ಆ ಮಣಿತ ಬಹುಕಾಲ ನಿಲ್ಲುವುದಿಲ್ಲವೆಂಬುದು ಕಹಿಯಾದ ಸತ್ಯ. ನನ್ನ ಮಿತ್ರರಿಗೆ ದೊರೆತದ್ದು ಹದಿಮೂರು ತಿಂಗಳು. ಆ ಅವಧಿಯಲ್ಲಿ ಅವರು ಮನೆಯ ಕಾಗದಪತ್ರಗಳನ್ನು ಮಗಳ ಹೆಸರಿಗೆ ಸರಿಪಡಿಸಿದರು. ನಲವತ್ತು ವರ್ಷ ಊರೂರು ಅಲೆದು ಬರೆದುಕೊಂಡಿದ್ದ ಶಾಸನಗಳ ಟಿಪ್ಪಣಿಗಳನ್ನು ವಿಂಗಡಿಸಿ ಶಿಷ್ಯನೊಬ್ಬನ ಕೈಗಿತ್ತರು. ಉಳಿದಿರುವ ಕಾಲ ಎಷ್ಟೆಂಬುದು ಅವರಿಗೆ ತಿಳಿದಿದ್ದರಿಂದಲೇ ಅದು ಸಾಧ್ಯವಾಯಿತು.

ಕೇಳುಗರಲ್ಲಿ ಯಾರಿಗೂ ಇದರಿಂದ ಅಂಜಿಕೆ ಮೂಡಬಾರದು. ರಾತ್ರಿ ಎದ್ದುಹೋಗುವ ಹಿರಿಯರಲ್ಲಿ ಬಹುಮಂದಿಗೆ ಇರುವುದು ವಯಸ್ಸಿನ ಸಾಮಾನ್ಯ ಊತ, ಅದು ಕ್ಯಾನ್ಸರಲ್ಲ. ಪಿ.ಎಸ್.ಎ. ಕಡಿಮೆಯಿರುವ ಆರೋಗ್ಯವಂತರು ನಾನು ಹೇಳಿದ ರೂಪಾಂತರವನ್ನು ನೆನೆದು ನಿದ್ದೆಗೆಡಬೇಕಾದ ಕಾರಣವಿಲ್ಲ. ಆದರೆ ಈಗಾಗಲೇ ಹಾರ್ಮೋನು ಚಿಕಿತ್ಸೆಯಲ್ಲಿರುವವರು ಒಂದು ಮಾತನ್ನು ಗಮನಿಸಬೇಕು. ಲೆಕ್ಕ ಎಷ್ಟೇ ಚೆನ್ನಾಗಿರಲಿ, ಮೈ ಇಳಿಯುತ್ತಿದ್ದರೆ, ಹೊಸ ನೋವು ಕಂಡರೆ, ಊಟ ರುಚಿಸದಿದ್ದರೆ, ಅದನ್ನು ವೈದ್ಯರ ಮುಂದೆ ಬಾಯಿಬಿಟ್ಟು ಹೇಳಬೇಕು. ರಕ್ತದ ಚೀಟಿ ಹೇಳಲಾರದ್ದನ್ನು ರೋಗಿಯ ಮಾತು ಹೇಳಬಲ್ಲದು.

ಮಾತಿನ ವಿಷಯಕ್ಕೇ ಬಂದು ಮುಗಿಸುತ್ತೇನೆ. ಸಂಸ್ಕೃತದಿಂದಲೋ ಗ್ರೀಕಿನಿಂದಲೋ ತಂದ ಹೆಸರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಬೇಕಾದರೆ ಇನ್ನಷ್ಟು ಕಟ್ಟಿಕೊಳ್ಳೋಣ. ಅದು ವಿದ್ವಾಂಸರ ಕೆಲಸ. ಗಂಡ ಹೆಂಡತಿಗೆ, ಅಪ್ಪ ಮಗನಿಗೆ, ರೋಗಿ ವೈದ್ಯನಿಗೆ, ನಾಚಿಕೆಯಿಲ್ಲದೆ ಮೈಯ ಆ ಭಾಗದ ಸುದ್ದಿಯನ್ನು ಹೇಳಿಕೊಳ್ಳುವಂತೆ ಮನೆಯ ಕನ್ನಡವನ್ನು ಸಡಿಲಗೊಳಿಸುವುದು ಎಲ್ಲರ ಕೆಲಸ. ನಿಮ್ಮ ಮನೆಯ ಹಿರಿಯರು ನಾಳೆ ಬೆಳಗ್ಗೆ ಕಾಫಿ ಕುಡಿಯುವಾಗ, ರಾತ್ರಿ ಎಷ್ಟು ಸಲ ಎದ್ದಿರಿ ಎಂದು ಒಮ್ಮೆ ಕೇಳಿ ನೋಡಿ.

(ಬಾನುಲಿ ಭಾಷಣ)